ಚಳಿಗೆ ಕುಳಿತ ಸಸಿಮಡಿ: ಭತ್ತದೊಳಗಿನ ಹಾರ್ಮೋನಿಗೆ ನಾವು ಹೇಗೆ ಕೈ ಜೋಡಿಸಬಹುದು?

ಜನವರಿ ಮೊದಲ ವಾರ. ಬೆಳಗ್ಗೆ 7 ಗಂಟೆಗೆ ಬದುವಿನ ಮೇಲೆ ನಿಂತು ಸಸಿಮಡಿ ನೋಡಿದರೆ ಎದೆ ಧಸಕ್ ಅನ್ನುತ್ತದೆ. 15 ದಿನದ ಸಸಿ, ನೋಡಲು 8 ದಿನದ್ದರ ಹಾಗಿದೆ. ಹೊಸ ಎಲೆ ಬಿಳುಚಿಕೊಂಡಿದೆ. 9 ಗಂಟೆ ಹೊತ್ತಿಗೆ ಬಿಸಿಲು ಏರುತ್ತಿದ್ದಂತೆ ಎಲೆಗಳು ಸೂಜಿಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತವೆ. ಮಡಿಯಲ್ಲಿ ನೀರು ನಿಂತಿದೆ, ಆದರೂ ಸಸಿ ಬಾಯಾರಿದ ಹಾಗೆ ಕಾಣುತ್ತದೆ.

ಹರಿಹರದ ಕಡೆ ಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತ ಮಾಡುವ ನಮಗೆಲ್ಲ ಇದು ಗೊತ್ತಿರುವ ನೋಟ. ಗಂಗಾವತಿ, ಸಿಂಧನೂರು, ಸಿರುಗುಪ್ಪದವರಿಗೂ ಹೊಸದಲ್ಲ. ಡಿಸೆಂಬರ್‌ನಲ್ಲಿ ಬೀಜ ಚೆಲ್ಲಿ ಜನವರಿಯಲ್ಲಿ ನಾಟಿ ಮಾಡಬೇಕು. ಚಳಿ ಜೋರಾಗಿರುವುದೂ ಅದೇ ಹೊತ್ತಿಗೆ.

ಕೆಲವು ವರ್ಷದ ಹಿಂದೆ ನಾನೂ ಒಂದು ತಪ್ಪು ಮಾಡಿದೆ. ಅಂಗಡಿಯಲ್ಲಿ "ಸಸಿ ಎದ್ದು ನಿಲ್ಲುತ್ತೆ" ಅಂತ ಕೊಟ್ಟ ಗಿಬ್ಬರೆಲಿಕ್ ಆಮ್ಲದ ಬಾಟಲಿ ತಂದು ಸಿಂಪಡಿಸಿದೆ. ಸಾಲದು ಅಂತ ಯೂರಿಯಾನೂ ಎರಚಿದೆ. ಕೆಲವೇ ದಿನದಲ್ಲಿ ಸಸಿ ಎದ್ದಿತು. ನೋಡಿ ಖುಷಿಪಟ್ಟೆ. ಆಮೇಲೆ ಎರಡು ರಾತ್ರಿ ಜೋರು ಚಳಿ ಬಿತ್ತು. ಮೂರನೇ ಬೆಳಗ್ಗೆ ಮಡಿಯ ಅರ್ಧಕ್ಕರ್ಧ ಸಸಿ ಒದ್ದೆ ದಾರದ ಹಾಗೆ ನೆಲಕ್ಕೆ ಮಲಗಿತ್ತು. ಪಕ್ಕದ ಮಡಿ ದೊಡ್ಡಪ್ಪನದು. ಅವರು ಏನೂ ಹಾಕಿರಲಿಲ್ಲ. ಸಸಿ ಕುಳ್ಳಗಿತ್ತು, ಹಳದಿಯಾಗಿತ್ತು, ಆದರೆ ನೆಟ್ಟಗೆ ನಿಂತಿತ್ತು. "ಅದು ಚಳಿಗೆ ಮುದುರಿಕೊಂಡು ಕುಂತೈತಿ ಕಣಪ್ಪ. ನೀನ್ಯಾಕೆ ಎಬ್ಬಿಸೋಕೆ ಹೋದೆ?" ಅಂದರು.

ಆ ಮಾತು ಎಷ್ಟು ಸರಿ ಅಂತ ಸಸ್ಯ ಹಾರ್ಮೋನುಗಳ ಬಗ್ಗೆ ಓದಿದ ಮೇಲೆ ತಿಳಿಯಿತು. ಚಳಿಯಲ್ಲಿ ಸಸಿ ಕುಳ್ಳಾಗುವುದು ರೋಗವಲ್ಲ. ಅದು ಸಸಿ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ಆ ಕೆಲಸ ಮಾಡಿಸುವುದು ಅದರೊಳಗಿನ ಹಾರ್ಮೋನುಗಳು. ನೀರು, ಬಿಸಿ, ಗೊಬ್ಬರ ಇವನ್ನು ಹೊತ್ತು ನೋಡಿ ಕೊಟ್ಟರೆ ಆ ಹಾರ್ಮೋನುಗಳ ಕೆಲಸ ಹಗುರಾಗುತ್ತದೆ. ಬಾಟಲಿಯ ಹಾರ್ಮೋನು ಬೇಕಾಗುವುದು ತೀರಾ ಕಡಿಮೆ. ಬೀಜದಿಂದ ಹೊಡೆಯವರೆಗೆ, ಅಂದರೆ ತೆನೆ ಕಡ್ಡಿಯೊಳಗೇ ಬೆಳೆಯುವ ಹಂತದವರೆಗೆ, ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ಸಸಿಯೊಳಗೆ ಏನಾಗುತ್ತದೆ ನೋಡೋಣ

ಭತ್ತ, ರಾಗಿ, ಜೋಳ, ಗೋಧಿ, ಕಬ್ಬು, ಬದುವಿನ ಗರಿಕೆ ಎಲ್ಲವೂ ಹುಲ್ಲಿನ ಕುಟುಂಬದವೇ. ಆದರೆ ಚಳಿಯ ವಿಷಯದಲ್ಲಿ ಇವು ಒಂದೇ ಥರ ಅಲ್ಲ. ಚಳಿಗಾಲದ ಗೋಧಿ ಕೆಲವು ವಾರ 2ರಿಂದ 5 ಡಿಗ್ರಿಯಲ್ಲಿ ಹದಗೊಂಡರೆ, ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಹಿಮವನ್ನೂ ತಡೆಯಬಲ್ಲದು. ಭತ್ತ ಬಿಸಿ ನಾಡಿನ ಹುಲ್ಲು. ಅದಕ್ಕೆ 25ರಿಂದ 35 ಡಿಗ್ರಿ ಹಿತ. ರಾತ್ರಿ 15ಕ್ಕಿಂತ ಕೆಳಗಿಳಿದರೆ ಸಸಿ ನರಳಲು ಶುರು. 10ರ ಆಸುಪಾಸಿನಲ್ಲಿ ಬೀಜ ಮೊಳೆಯುವುದೇ ಕಷ್ಟ. ಭತ್ತದಲ್ಲೂ ವ್ಯತ್ಯಾಸ ಇದೆ. ಜಪಾನ್, ಉತ್ತರ ಚೀನಾದ ಕಡೆಯ ಜಪಾನಿಕಾ ತಳಿಗಳು ಚಳಿಗೆ ಗಟ್ಟಿ. ನಮ್ಮಲ್ಲಿ ಬೆಳೆಯುವ ಇಂಡಿಕಾ ತಳಿಗಳು ಬೇಗ ನಲುಗುತ್ತವೆ. 2015ರಲ್ಲಿ ಚೀನಾದ ವಿಜ್ಞಾನಿಗಳು ಭತ್ತದಲ್ಲಿ "ಕೋಲ್ಡ್1" ಎಂಬ ಜೀನ್ ಗುರುತಿಸಿದರು. ಚಳಿ ತಾಗಿದ ಕೂಡಲೇ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆ ಎಚ್ಚರಿಕೆ ಗಂಟೆ ಬಾರಿಸುವಲ್ಲಿ ಈ ಜೀನಿಗೆ ಪಾಲಿದೆ. ಎರಡೂ ಬಗೆಯ ತಳಿಗಳ ನಡುವೆ ಈ ಜೀನಿನಲ್ಲೇ ಒಂದು ಸಣ್ಣ ವ್ಯತ್ಯಾಸ ಸಿಕ್ಕಿತು.

ಗಂಟೆ ಬಾರಿಸಿದ ಮೇಲೆ ಸುದ್ದಿ ಮುಟ್ಟಿಸುವವು ಹಾರ್ಮೋನುಗಳು. ಗೊಬ್ಬರ ಸಸಿಗೆ ಊಟವಿದ್ದ ಹಾಗೆ. ಹಾರ್ಮೋನು ಹಾಗಲ್ಲ, ಅದು ಬೇರಿಗೆ ಗೊತ್ತಾದದ್ದನ್ನು ಎಲೆಗೆ, ಎಲೆಗೆ ಗೊತ್ತಾದದ್ದನ್ನು ಸುಳಿಗೆ ತಿಳಿಸುವ ಸಂದೇಶ. ತೀರಾ ಸ್ವಲ್ಪ ಪ್ರಮಾಣ ಸಾಕು. ಅದಕ್ಕೇ ಜಾಸ್ತಿ ಆದರೆ ಅನಾಹುತ.

ಚಳಿಯಲ್ಲಿ ಮುಖ್ಯ ಪಾತ್ರ ಅಬ್ಸಿಸಿಕ್ ಆಮ್ಲದ್ದು. ತಣ್ಣಗಾದ ಬೇರು ನೀರು ಎಳೆದುಕೊಳ್ಳಲಾರದು. ಮೇಲೆ ಬಿಸಿಲು ಬಿದ್ದು ಎಲೆಯಿಂದ ನೀರು ಆರುತ್ತಿರುತ್ತದೆ. ಮಡಿಯಲ್ಲಿ ನೀರಿದ್ದರೂ 9 ಗಂಟೆಗೆ ಎಲೆ ಸುರುಳಿ ಸುತ್ತುವುದು ಇದರಿಂದಲೇ. ಚಳಿಯ ಪೆಟ್ಟಿನಲ್ಲಿ ಅರ್ಧ ಬರದ ಪೆಟ್ಟು ಸೇರಿಕೊಂಡಿರುತ್ತದೆ. ಅಬ್ಸಿಸಿಕ್ ಆಮ್ಲ ಬಂದು ಎಲೆಯ ಮೇಲಿನ ಸಣ್ಣ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ಜೀವಕೋಶದೊಳಗೆ ಸಕ್ಕರೆ, ಪ್ರೋಲಿನ್, ಕೆಲವು ರಕ್ಷಣೆಯ ಪ್ರೋಟೀನುಗಳನ್ನು ಕೂಡಿಡಿಸುತ್ತದೆ.

ಅದೇ ಹೊತ್ತಿಗೆ ಗಿಬ್ಬರೆಲಿನ್ ಇಳಿಯುತ್ತದೆ. ಗಿಬ್ಬರೆಲಿನ್ ಅಂದರೆ ಉದ್ದ ಬೆಳೆಸುವ ಹಾರ್ಮೋನು. ಅದು ಸಿಕ್ಕಿದ್ದೇ ಭತ್ತದ ಸಸಿಮಡಿಯಿಂದ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಜಪಾನಿನ ರೈತರು ಒಂದು ರೋಗಕ್ಕೆ "ಬಕಾನೆ", ಅಂದರೆ ಹುಚ್ಚು ಸಸಿ ಅನ್ನುತ್ತಿದ್ದರು. ಸಸಿ ಬಿಳುಚಿಕೊಂಡು ಮಿಕ್ಕವುಗಳಿಗಿಂತ ಉದ್ದಕ್ಕೆ ಏರಿ, ಸಣಕಲಾಗಿ, ಕೊನೆಗೆ ಬೀಳುತ್ತಿತ್ತು. 1926ರಲ್ಲಿ ತೈವಾನ್‌ನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ, ಇದು ಶಿಲೀಂಧ್ರ ಬಿಡುವ ಒಂದು ರಾಸಾಯನಿಕದ ಕೆಲಸ ಅಂತ ತೋರಿಸಿದರು. 1935ರಲ್ಲಿ ತೆಯಿಜಿರೊ ಯಾಬುತಾ ಅದಕ್ಕೆ ಗಿಬ್ಬರೆಲಿನ್ ಅಂತ ಹೆಸರಿಟ್ಟರು. ಬಾಟಲಿಯ ಗಿಬ್ಬರೆಲಿಕ್ ಆಮ್ಲವೂ ಒಂದು ಗಿಬ್ಬರೆಲಿನ್ನೇ. ನಾನು ಆ ವರ್ಷ ಅದನ್ನು ಸಿಂಪಡಿಸಿ ಮಾಡಿಕೊಂಡದ್ದೂ ಇದೇ ಹುಚ್ಚು ಸಸಿ.

ಇನ್ನು ಸ್ಯಾಲಿಸಿಲಿಕ್ ಆಮ್ಲ, ಬ್ರಾಸಿನೋಸ್ಟೀರಾಯ್ಡ್, ಸೈಟೊಕೈನಿನ್, ಎಥಿಲೀನ್ ಎಂಬ ಹಾರ್ಮೋನುಗಳೂ ಇವೆ. ಬೇಕಾದಲ್ಲಿ ಹೇಳುತ್ತಾ ಹೋಗುತ್ತೇನೆ.

ಹೆಜ್ಜೆ 1: ಮೊಳಕೆ ಕಟ್ಟುವಾಗ ಬಿಸಿ ಕೊಡಿ

ಇಲ್ಲಿ ಒಂದು ವಿಚಿತ್ರ ಗಮನಿಸಿ. ಸಸಿಗೆ ಚಳಿಯಲ್ಲಿ ಗಿಬ್ಬರೆಲಿನ್ ಬೇಡ ಅಂದೆ. ಆದರೆ ಬೀಜಕ್ಕೆ ಅದೇ ಬೇಕು. ನೆನೆದ ಕಾಳಿನ ಭ್ರೂಣ ಗಿಬ್ಬರೆಲಿನ್ ಬಿಡುಗಡೆ ಮಾಡುತ್ತದೆ. ಅದು ತೌಡಿನ ಪದರಕ್ಕೆ ಮುಟ್ಟಿದಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಅಕ್ಕಿಯ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಕ್ಕರೆಯಿಂದ ಮೊಳಕೆ. ನೀರು ತಣ್ಣಗಿದ್ದರೆ ಇದೆಲ್ಲ ನಿಧಾನ. ಬೀಜ ಮಡಿಯಲ್ಲೇ ಕೊಳೆಯುತ್ತದೆ, ಇಲ್ಲವೇ ಒಂದು ಇಂದು ಹುಟ್ಟಿದರೆ ಇನ್ನೊಂದು ನಾಲ್ಕು ದಿನ ಬಿಟ್ಟು ಹುಟ್ಟುತ್ತದೆ.

ಹಾಗಾಗಿ ಸಂಜೆಯ ತಣ್ಣೀರಿಗೆ ಬೀಜ ಸುರಿಯಬೇಡಿ. ಬಿಸಿಲೇರಿದ ಮೇಲೆ, ಕೈಗೆ ಬೆಚ್ಚಗೆ ತಾಗುವ ನೀರಿನಲ್ಲಿ, ಅಂದರೆ 30ರಿಂದ 35 ಡಿಗ್ರಿಯದರಲ್ಲಿ ನೆನೆ ಹಾಕಿ. 24 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಆಮೇಲೆ ಗೋಣಿಚೀಲದಲ್ಲಿ ಸಡಿಲವಾಗಿ ಕಟ್ಟಿ, ಮನೆಯೊಳಗೆ ಒಣಹುಲ್ಲಿನ ಮೇಲಿಟ್ಟು, ಮೇಲೂ ಹುಲ್ಲು ಹೊದಿಸಿ. ದಿನಕ್ಕೆ ಎರಡು ಸಲ ಬೆಚ್ಚಗಿನ ನೀರು ಚಿಮುಕಿಸಿ. ಚಳಿಗಾಲದಲ್ಲಿ ಮೊಳಕೆಗೆ 48 ಗಂಟೆ ಹಿಡಿಯಬಹುದು. ಆತುರ ಬೇಡ.

ಚೀಲದ ನಡುವಿಗೆ ಕೈ ಹಾಕಿ ನೋಡುತ್ತಿರಿ. ಹದವಾದ ಬಿಸಿ ಇರಬೇಕು. ಕೈ ಸುಡುವ ಹಾಗಿದ್ದರೆ, ಹುಳಿ ವಾಸನೆ ಬಂದರೆ ಕೂಡಲೇ ಬಿಚ್ಚಿ ಹರಡಿ. ಬೀಜ ಬೆಂದುಹೋಗುತ್ತದೆ. ಮೊಳಕೆ ಅಕ್ಕಿಕಾಳಿನ ತುದಿಯಲ್ಲಿ ಬಿಳಿ ಚುಕ್ಕೆಯ ಹಾಗೆ, 1ರಿಂದ 2 ಮಿಲಿಮೀಟರ್ ಹೊರಬಂದಾಗ ಚೆಲ್ಲಿ. ಉದ್ದ ಬಿಟ್ಟರೆ ಚೆಲ್ಲುವಾಗ ಮುರಿಯುತ್ತದೆ.

ಹೆಜ್ಜೆ 2: ಬೇಕಿದ್ದರೆ ಮಾತ್ರ, ಸ್ಯಾಲಿಸಿಲಿಕ್ ಆಮ್ಲದ ನೆನೆ

ಈ ಲೇಖನದಲ್ಲಿ ಹೊರಗಿನಿಂದ ಹಾರ್ಮೋನು ಕೊಡುವ ಮಾತು ಇದೊಂದೇ. ಅದೂ ಬಿಟ್ಟರೆ ನಷ್ಟವಿಲ್ಲ.

ಸ್ಯಾಲಿಸಿಲಿಕ್ ಆಮ್ಲದ ಹೆಸರು ಬಂದದ್ದು ವಿಲ್ಲೋ ಮರದಿಂದ. ಗಿಡಗಳಲ್ಲಿ ಅದು ರೋಗ ಬಂದಾಗ ಎಚ್ಚರಿಸುವ ಸಂದೇಶ. ಚಳಿಯಲ್ಲೂ ಅದಕ್ಕೆ ಕೆಲಸ ಇದೆ ಅಂತ ಹಂಗೇರಿಯ ವಿಜ್ಞಾನಿಗಳು 1999ರಲ್ಲಿ ಮೆಕ್ಕೆಜೋಳದ ಎಳೆ ಸಸಿಗಳಲ್ಲಿ ತೋರಿಸಿದರು. ಬೇರಿನ ನೀರಿಗೆ ಲೀಟರಿಗೆ ಸುಮಾರು 70 ಮಿಲಿಗ್ರಾಂ ಬೆರೆಸಿ, ಆಮೇಲೆ 2 ಡಿಗ್ರಿ ಚಳಿಗೆ ಒಡ್ಡಿದಾಗ ಸಸಿಗೆ ಆದ ಪೆಟ್ಟು ಕಡಿಮೆ. ಇದು ಕೆಲಸ ಮಾಡುವ ರೀತಿ ಒಂಥರಾ ಲಸಿಕೆಯ ಹಾಗೆ. ಅದೇ ಒಂದು ಸಣ್ಣ ಪೆಟ್ಟು ಕೊಟ್ಟು, ಸಸಿಯೊಳಗಿನ ರಕ್ಷಣೆಯ ಕಿಣ್ವಗಳನ್ನು ಮೊದಲೇ ಎಬ್ಬಿಸಿಡುತ್ತದೆ. ಪೆಟ್ಟು ಸಣ್ಣದಾಗಿದ್ದರೆ ಮಾತ್ರ ಲಾಭ. ಜಾಸ್ತಿ ಆದರೆ ಮೊಳಕೆಯೇ ಕುಂಠಿತ.

ಮಾಡುವುದಾದರೆ ಹೀಗೆ. ಲೀಟರಿಗೆ 100 ಮಿಲಿಗ್ರಾಂ ಮೀರಬೇಡಿ. 40 ಲೀಟರ್ ನೀರಿಗೆ 4 ಗ್ರಾಂ ಆಯಿತು. ಅಷ್ಟು ಕಡಿಮೆ ತೂಕವನ್ನು ಕಣ್ಣಳತೆಯಲ್ಲಿ ಹಾಕಬಾರದು, ಚಿನ್ನ ತೂಗುವ ಥರದ ಸಣ್ಣ ತಕ್ಕಡಿ ಬೇಕು. ಪುಡಿ ತಣ್ಣೀರಿನಲ್ಲಿ ಸರಿಯಾಗಿ ಕರಗದು. ಮೊದಲು ಒಂದು ಲೀಟರ್ ಕುದಿ ಬಂದ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಪ್ಲಾಸ್ಟಿಕ್ ಡ್ರಮ್ಮಿನ ಉಳಿದ ನೀರಿಗೆ ಸೇರಿಸಿ. ಬೀಜ ನೆನೆಸಿ, ತೆಗೆದು, ಒಳ್ಳೆ ನೀರಿನಲ್ಲಿ ತೊಳೆದು ಮೊಳಕೆಗೆ ಕಟ್ಟಿ. ಪುಡಿ ಮೂಗು, ಕಣ್ಣಿಗೆ ಉರಿ ಕೊಡುತ್ತದೆ. ಕೈಗವಸು, ಬಾಯಿಗೆ ಬಟ್ಟೆ ಇರಲಿ. ಮಿಕ್ಕ ಬೀಜವನ್ನು ಕೋಳಿಗೆ ಹಾಕಬೇಡಿ. ಆಸ್ಪಿರಿನ್ ಮಾತ್ರೆ ಅರೆದು ಹಾಕುವ ಉಪಾಯವೂ ಬೇಡ. ಮಾತ್ರೆಯಲ್ಲಿರುವುದು ಬೇರೆ ರೂಪ, ಲೆಕ್ಕ ತಪ್ಪುತ್ತದೆ.

ಮೊದಲ ವರ್ಷ 2 ಕೆ.ಜಿ. ಬೀಜಕ್ಕೆ ಮಾತ್ರ ಮಾಡಿ. ಪಕ್ಕದಲ್ಲೇ ಬರೀ ನೀರಿನಲ್ಲಿ ನೆನೆಸಿದ 2 ಕೆ.ಜಿ. ಚೆಲ್ಲಿ, ಒಂದೊಂದು ಕೋಲು ನೆಟ್ಟು ಗುರುತು ಇಡಿ. ನಿಮ್ಮ ಮಣ್ಣು, ನಿಮ್ಮ ತಳಿಗೆ ವ್ಯತ್ಯಾಸ ಕಂಡರೆ ಮುಂದಿನ ವರ್ಷ ನೋಡೋಣ. ಸಂಶಯ ಇದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಹೆಜ್ಜೆ 3: ಮಡಿ ಎಲ್ಲಿ, ಗೊಬ್ಬರ ಎಷ್ಟು

ಒಂದು ಎಕರೆ ನಾಟಿಗೆ ಸುಮಾರು 4 ಗುಂಟೆ ಮಡಿ, 25 ಕೆ.ಜಿ. ಬೀಜ. ಮಡಿಗೆ ಬೆಳಗಿನ ಬಿಸಿಲು ಬೀಳುವ ಜಾಗ ನೋಡಿ. ಮೂಡಣಕ್ಕೆ ತೆಂಗಿನ ತೋಟ ಇದ್ದರೆ 10 ಗಂಟೆವರೆಗೂ ನೆರಳು, ಅಷ್ಟು ಹೊತ್ತೂ ಮಣ್ಣು ತಣ್ಣಗೆ. ಹಳ್ಳದ ಪಕ್ಕದ ತಗ್ಗು ಜಾಗವೂ ಬೇಡ. ತಂಪು ಗಾಳಿ ಭಾರ, ರಾತ್ರಿ ತಗ್ಗಿಗೇ ಬಂದು ನಿಲ್ಲುತ್ತದೆ.

ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿ. ರಂಜಕ, ಪೊಟ್ಯಾಷ್ ಮೊದಲೇ ಮಣ್ಣಿಗೆ ಸೇರಲಿ. ತಣ್ಣನೆ ಮಣ್ಣಿನಲ್ಲಿ ಬೇರು ರಂಜಕ, ಸತು ಎರಡನ್ನೂ ಸರಿಯಾಗಿ ಹೀರಲಾರದು. ಹಾಗಾಗಿ ಚಳಿಗಾಲದ ಮಡಿಗೆ ರಂಜಕ ಮುಂಗಾರಿಗಿಂತ ಜಾಸ್ತಿ ಬೇಕು. ಯೂರಿಯಾ ಮಾತ್ರ ಹಿಡಿತದಲ್ಲಿರಲಿ. ಸಾರಜನಕ ಜಾಸ್ತಿ ಆದರೆ ಬೇರಿನಲ್ಲಿ ಸೈಟೊಕೈನಿನ್ ಏರಿ, ಸಸಿಗೆ "ಬೆಳೆ, ಬೆಳೆ" ಅನ್ನುವ ಸುದ್ದಿ ಹೋಗುತ್ತದೆ. ಎಲೆ ಕಡು ಹಸಿರಾಗಿ, ನೀರು ತುಂಬಿ ಮೆತ್ತಗಾಗುತ್ತದೆ. ಅಂಥ ಎಲೆಗೇ ಚಳಿಯ ಪೆಟ್ಟು ಮೊದಲು.

ಹೆಜ್ಜೆ 4: 10ನೇ ದಿನದಿಂದ ಸ್ವಲ್ಪ ಬಾಯಾರಿಸಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹೆಜ್ಜೆ ಇದು. ಒಂದು ಪೈಸೆ ಖರ್ಚಿಲ್ಲ.

ಬರ ಮತ್ತು ಚಳಿ, ಎರಡಕ್ಕೂ ಭತ್ತದ ಉತ್ತರ ಬಹುಪಾಲು ಒಂದೇ: ಅಬ್ಸಿಸಿಕ್ ಆಮ್ಲ. ಮಣ್ಣು ಸ್ವಲ್ಪ ಆರಿದರೆ ಸಾಕು, ಅದು ಸಸಿಯಲ್ಲಿ ಏರುತ್ತದೆ. ಹಾಗೆ ಒಮ್ಮೆ ಹದಗೊಂಡ ಸಸಿ, ಆಮೇಲೆ ಬರುವ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಇದು ಪ್ರಯೋಗಾಲಯದಲ್ಲಿ ಭತ್ತ, ಮೆಕ್ಕೆಜೋಳ ಎರಡರಲ್ಲೂ ಕಂಡ ಸಂಗತಿ. ಅಬ್ಸಿಸಿಕ್ ಆಮ್ಲವನ್ನು ಕೊಂಡು ತಂದು ಮಡಿಗೆ ಹೊಡೆಯುವುದು ದುಬಾರಿ, ಬೆಳಕಿಗೆ ಅದು ಬೇಗ ಕೆಡುತ್ತದೆ ಕೂಡ. ಸಸಿಯಿಂದಲೇ ಮಾಡಿಸುವುದು ಸುಲಭ ಅಲ್ವಾ?

ಬೀಜ ಚೆಲ್ಲಿ 10 ದಿನ ಆದ ಮೇಲೆ, ಚಳಿ ಅಷ್ಟಾಗಿ ಇಲ್ಲದ ಎರಡು ಮೂರು ದಿನ ಆರಿಸಿಕೊಳ್ಳಿ. ಮಡಿಯ ನೀರು ಪೂರ್ತಿ ಬಸಿಯಿರಿ. ಮಣ್ಣಿನ ಮೇಲೆ ಕೂದಲೆಳೆಯಂಥ ಬಿರುಕು ಕಾಣಬೇಕು, ಅದಕ್ಕಿಂತ ಜಾಸ್ತಿ ಬೇಡ. ಬೆರಳಿನಿಂದ ಒತ್ತಿದರೆ ಮಣ್ಣು ಇನ್ನೂ ತೇವ ಅನಿಸಬೇಕು. ಮಧ್ಯಾಹ್ನ ಎಲೆ ಸ್ವಲ್ಪ ಮಡಚಿ, ಸಂಜೆಗೆ ಬಿಚ್ಚಿಕೊಂಡರೆ ಹದ ಸರಿಯಾಗಿದೆ. ಸಂಜೆಯೂ ಬಿಚ್ಚದಿದ್ದರೆ ಕೂಡಲೇ ನೀರು ಕೊಡಿ. ಕಪ್ಪು ಎರೆಮಣ್ಣಿನವರು ಹುಷಾರು. ಅದು ಬಿರಿದರೆ ಬೇರನ್ನೇ ಹರಿಯುತ್ತದೆ.

ಒಂದು ಸಸಿ ಕಿತ್ತು ನೋಡಿ. ಸದಾ ನೀರಲ್ಲೇ ನಿಂತದ್ದರ ಬೇರು ಮೇಲೆಮೇಲೆ, ಕಂದು ಬಣ್ಣಕ್ಕೆ ಇರುತ್ತದೆ. ಹೀಗೆ ಆರಿಸಿದ ಮಡಿಯಲ್ಲಿ ಬೇರು ಬೆಳ್ಳಗೆ, ಉದ್ದಕ್ಕೆ, ಮಣ್ಣು ಕಚ್ಚಿಕೊಂಡು ಬರುತ್ತದೆ. ನಾನು ಮೊದಲ ಸಲ ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದಾಗ, ಒಂದೇ ಚೀಲದ ಬೀಜ ಅಂತ ನಂಬಲು ಆಗಲಿಲ್ಲ.

ಹೆಜ್ಜೆ 5: ಚಳಿ ರಾತ್ರಿಗಳಲ್ಲಿ ನೀರೇ ಕಂಬಳಿ

ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವ ಸೂಚನೆ ಇದ್ದರೆ ಆರಿಸುವುದು ನಿಲ್ಲಿಸಿ. ಸಂಜೆ 4ರಿಂದ 5ರೊಳಗೆ ಮಡಿಗೆ ನೀರು ಕಟ್ಟಿ. ನೀರು ನಿಧಾನ ತಣ್ಣಗಾಗುತ್ತದೆ, ಬೇರು, ಸುಳಿ ಎರಡಕ್ಕೂ ರಾತ್ರಿಯೆಲ್ಲ ಕಾವು. ಬೋರ್‌ವೆಲ್ ಇದ್ದರೆ ಇನ್ನೂ ಒಳ್ಳೆಯದು. ಚಳಿಗಾಲದ ಬೆಳಗ್ಗೆ ಬೋರ್ ನೀರು ಕೈಗೆ ಬೆಚ್ಚಗೆ ತಾಗಿ, ಮೇಲೆ ಹಬೆ ಏಳುವುದನ್ನು ನೋಡಿರುತ್ತೀರಿ. ನೆಲದಾಳದ ನೀರು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಬಿಸಿ.

ಬೆಳಗ್ಗೆ 8ರ ಮೇಲೆ ಆ ತಣ್ಣನೆ ನೀರು ಬಸಿದು, ಬಿಸಿಲಿಗೆ ಮಣ್ಣು ಕಾಯಲು ಬಿಡಿ. ಬೇಕಿದ್ದರೆ ತೆಳ್ಳಗೆ ಹೊಸ ನೀರು.

ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪಿದೆ. ಕಂಬಳಿ ಅಂತ ಸಸಿ ಪೂರ್ತಿ ಮುಳುಗುವ ಹಾಗೆ ನೀರು ನಿಲ್ಲಿಸುತ್ತಾರೆ. ಎಲ್ಲ ಗಿಡದಂತೆ ಭತ್ತವೂ ಎಥಿಲೀನ್ ಅನ್ನುವ ಅನಿಲ ಹಾರ್ಮೋನು ಬಿಡುತ್ತಿರುತ್ತದೆ. ಗಾಳಿಯಲ್ಲಿದ್ದರೆ ಅದು ಹಾರಿಹೋಗುತ್ತದೆ. ನೀರಿನಲ್ಲಿ ಅನಿಲ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಮುಳುಗಿದ ಸಸಿಯೊಳಗೆ ಎಥಿಲೀನ್ ಸಿಕ್ಕಿಕೊಳ್ಳುತ್ತದೆ. ಅದು ಅಬ್ಸಿಸಿಕ್ ಆಮ್ಲವನ್ನು ಇಳಿಸಿ, ಗಿಬ್ಬರೆಲಿನ್ನಿನ ಕೈ ಮೇಲು ಮಾಡುತ್ತದೆ. "ಮುಳುಗಿದ್ದೀನಿ, ಬೇಗ ಮೇಲೆ ಹೋಗಬೇಕು" ಅಂತ ಸಸಿ ಉದ್ದ ಎಳೆಯಲು ಶುರು ಮಾಡುತ್ತದೆ. ನೆರೆಯಲ್ಲಿ ಅದು ಪ್ರಾಣ ಉಳಿಸುವ ಬುದ್ಧಿ. ಚಳಿಯ ಮಡಿಯಲ್ಲಿ ಮತ್ತೆ ಅದೇ ಸಣಕಲು ಸಸಿ. ಹಾಗಾಗಿ ನೀರು ಸಸಿಯ ಅರ್ಧ ಎತ್ತರ ದಾಟಬಾರದು. ಎಲೆಯ ತುದಿಗಳು ಗಾಳಿಯಲ್ಲಿರಲಿ.

ಚಳಿ ತೀರಾ ಜೋರಾದರೆ, 12ರ ಕೆಳಗೆ ಹೋಗುವ ಹಾಗಿದ್ದರೆ, ಬಿದಿರಿನ ಸೀಳು ಬಗ್ಗಿಸಿ ಮಡಿಯ ಮೇಲೆ ಕಮಾನು ಮಾಡಿ, ಪ್ಲಾಸ್ಟಿಕ್ ಹಾಳೆ ಇಲ್ಲವೇ ಹೊಲಿದ ಗೊಬ್ಬರದ ಚೀಲ ಹೊದಿಸಿ. ಹಾಳೆ ಎಲೆಗೆ ತಾಗಬಾರದು. ತಾಗಿದ ಕಡೆ ಎಲೆ ಸುಟ್ಟ ಹಾಗಾಗುತ್ತದೆ. ಸಂಜೆ ಹೊದಿಸಿದ್ದನ್ನು ಬೆಳಗ್ಗೆ 8ರಿಂದ 9ರೊಳಗೆ ತೆಗೆಯಲೇಬೇಕು. ಮಧ್ಯಾಹ್ನದವರೆಗೆ ಬಿಟ್ಟರೆ ಒಳಗೆ ಬೇಯುವ ಬಿಸಿ, ಆ ಬಿಸಿಗೆ ಗಿಬ್ಬರೆಲಿನ್, ಜೊತೆಗೆ ಆಕ್ಸಿನ್ ಎಂಬ ಇನ್ನೊಂದು ಬೆಳವಣಿಗೆಯ ಹಾರ್ಮೋನು ಏರಿ ಸಸಿ ಮತ್ತೆ ಮೆತ್ತಗೆ ಉದ್ದವಾಗುತ್ತದೆ. ಹಗಲು ತೆಗೆಯಲು ಆಳಿಲ್ಲದಿದ್ದರೆ ಹೊದಿಸದೇ ಇರುವುದೇ ಮೇಲು.

ಹೆಜ್ಜೆ 6: ಹಳದಿ ಕಂಡ ಕೂಡಲೇ ಅಂಗಡಿಗೆ ಓಡಬೇಡಿ

ಯಾವ ಎಲೆ ಹಳದಿ ಅಂತ ನೋಡಿ. ಹೊಸ ಎಲೆ ಪೂರ್ತಿ ಬಿಳುಚಿದ್ದರೆ, ಅಥವಾ ಎಲೆಗೆ ಅಡ್ಡಲಾಗಿ ಬಿಳಿ ಪಟ್ಟಿ ಬಿದ್ದಿದ್ದರೆ ಅದು ಚಳಿ. ತಣ್ಣಗಿದ್ದಾಗ ಹಸಿರು ಬಣ್ಣ ಸರಿಯಾಗಿ ತಯಾರಾಗುವುದಿಲ್ಲ. ಎಲೆ ಹುಟ್ಟಿದ ರಾತ್ರಿ ಚಳಿ ಇದ್ದರೆ ಆ ಭಾಗ ಬಿಳಿ, ಮರುದಿನ ಬಿಸಿ ಇದ್ದರೆ ಮುಂದಿನ ಭಾಗ ಹಸಿರು. ಆ ಪಟ್ಟಿಗಳನ್ನು ನೋಡಿ ಯಾವ ರಾತ್ರಿಗಳು ತಣ್ಣಗಿದ್ದವು ಅಂತ ಎಣಿಸಬಹುದು. ಬಿಸಿಲು ಬಂದು ರಾತ್ರಿ 18 ದಾಟಿದರೆ ಮುಂದಿನ ಎಲೆ ತಾನಾಗೇ ಹಸಿರಾಗಿ ಬರುತ್ತದೆ.

ಹಳೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಇದ್ದರೆ ಸತುವಿನ ಕೊರತೆ. ಲೀಟರಿಗೆ 2 ಗ್ರಾಂ ಸತುವಿನ ಸಲ್ಫೇಟ್ ಬೆರೆಸಿ, ಬೆಳಗ್ಗೆ 10ರ ಮೇಲೆ ಎಲೆ ಬಿಚ್ಚಿಕೊಂಡಾಗ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಮುಂಜಾನೆ ಇಬ್ಬನಿಯಲ್ಲಿ ಹೊಡೆದರೆ ಹರಿದುಹೋಗುತ್ತದೆ. ಅಲ್ಲಲ್ಲಿ ದುಂಡಗೆ ಸಸಿ ಕೊಳೆತು, ಬುಡದಲ್ಲಿ ಬೂಸ್ಟು ಕಂಡರೆ ಅದು ಶಿಲೀಂಧ್ರ, ಅದರ ದಾರಿಯೇ ಬೇರೆ.

ಗಿಬ್ಬರೆಲಿಕ್ ಆಮ್ಲ ಯಾಕೆ ಬೇಡ ಅಂತ ಆಗಲೇ ಹೇಳಿದೆ. ಇದರ ತದ್ವಿರುದ್ಧದ ಸಲಹೆಯೂ ಕೇಳಿಬರುತ್ತದೆ: ಗಿಬ್ಬರೆಲಿನ್ ತಡೆಯುವ ಪ್ಯಾಕ್ಲೊಬ್ಯುಟ್ರಜಾಲ್ ಹಾಕಿದರೆ ಸಸಿ ಕುಳ್ಳಗೆ ಗಟ್ಟಿಯಾಗುತ್ತದೆ ಅಂತ. ಆಗುವುದು ನಿಜ. ಆದರೆ ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದೇ ಮಡಿಯಲ್ಲಿ ಮುಂದೆ ಏನು ಬೆಳೆದರೂ ಅದಕ್ಕೂ ತಾಗುತ್ತದೆ. ಚಳಿ ತಾನೇ ಪುಕ್ಕಟೆ ಮಾಡುತ್ತಿರುವ ಕೆಲಸಕ್ಕೆ ವಿಷ ಯಾಕೆ? ಬ್ರಾಸಿನೋಸ್ಟೀರಾಯ್ಡ್ ಬಾಟಲಿಗಳೂ ಸಿಗುತ್ತವೆ. ಈ ಹಾರ್ಮೋನಿನ ಮೊದಲ ರೂಪವನ್ನು 1979ರಲ್ಲಿ ಅಮೆರಿಕದ ವಿಜ್ಞಾನಿಗಳು ಜೇನುಹುಳುಗಳು ತಂದ ಸಾಸಿವೆ ಜಾತಿಯ ಗಿಡದ ಪರಾಗದಿಂದ ಬೇರ್ಪಡಿಸಿದರು. 227 ಕೆ.ಜಿ. ಪರಾಗದಿಂದ ಸಿಕ್ಕಿದ್ದು ಬರೀ 4 ಮಿಲಿಗ್ರಾಂ! ಗಿಡಕ್ಕೆ ಇಂಥವು ಎಷ್ಟು ಕಡಿಮೆ ಸಾಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮುಚ್ಚಳದ ಲೆಕ್ಕದಲ್ಲಿ ಸುರಿಯುವ ನಮ್ಮ ಅಭ್ಯಾಸಕ್ಕೆ ಇದು ಹೊಂದುವುದಿಲ್ಲ.

ಹೆಜ್ಜೆ 7: ನಾಟಿಗೆ ಎರಡು ಬೆಚ್ಚಗಿನ ದಿನ ಕಾಯಿರಿ

ಭತ್ತದ ಬೇರು ಹೊಸದಾಗಿ ಹಿಡಿಯಲು ಕನಿಷ್ಠ 16 ಡಿಗ್ರಿಯಾದರೂ ಬೇಕು. ಕಿತ್ತ ಸಸಿಗೆ ಹಳೆಯ ಬೇರಿನ ಅರ್ಧ ಹೋಗಿರುತ್ತದೆ. ಅದೇ ರಾತ್ರಿ ಚಳಿ ಬಿದ್ದರೆ ನೀರು ಕುಡಿಯಲು ದಾರಿಯೇ ಇಲ್ಲ. ನಾಲೆ ನೀರು ಬಂತು, ಆಳು ಸಿಕ್ಕರು ಅಂತ ಚಳಿಯ ನಡುವೆ ನಾಟಿಗೆ ಇಳಿಯಬೇಡಿ. ಚಳಿಗಾಲದ ಮಡಿಯ ಸಸಿ 30ರಿಂದ 35 ದಿನದವರೆಗೆ ಕಾಯಬಲ್ಲದು, ಅದು ನಿಧಾನ ಬೆಳೆದಿರುತ್ತದೆ.

ಬೆಳಗ್ಗೆ ತಡವಾಗಿ ಕೀಳಿ, ಅದೇ ದಿನ ನೆಟ್ಟು ಮುಗಿಸಿ. ಕಟ್ಟುಗಳನ್ನು ರಾತ್ರಿಯಿಡೀ ತಣ್ಣನೆ ನೀರಿನಲ್ಲಿ ಬಿಡಬೇಡಿ. ಆಳವಾಗಿ ನೆಡಬೇಡಿ. ಮೇಲಿನ ಎರಡು ಬೆರಳಿನಷ್ಟು ಮಣ್ಣೇ ಹಗಲಿಗೆ ಬೇಗ ಕಾಯುವುದು.

ಹೆಜ್ಜೆ 8: ಮುಂಗಾರು ತಡವಾದವರಿಗೆ, ಹೊಡೆಯ ಚಳಿ

ಬೇಸಿಗೆ ಭತ್ತದ ಹೊಡೆ ಮಾರ್ಚ್ ಹೊತ್ತಿಗೆ ಬರುವುದರಿಂದ ಈ ಚಿಂತೆ ಇಲ್ಲ. ಆದರೆ ನಾಲೆಯ ಕೊನೆ ಭಾಗದಲ್ಲಿ ನೀರು ತಡವಾಗಿ ಮುಟ್ಟಿ, ಮುಂಗಾರು ನಾಟಿ ಸೆಪ್ಟೆಂಬರ್‌ಗೆ ಹೋದವರು ಇದನ್ನು ಓದಲೇಬೇಕು. ಅವರ ಭತ್ತ ಹೊಡೆ ಕಟ್ಟುವುದು ಚಳಿ ಬೀಳುವ ಹೊತ್ತಿಗೆ.

ತೆನೆ ಹೊರಬರುವ 10ರಿಂದ 12 ದಿನ ಮೊದಲು, ಹೊಡೆಯೊಳಗೆ ಪರಾಗ ತಯಾರಾಗುತ್ತಿರುತ್ತದೆ. ಇಡೀ ಬೆಳೆಯಲ್ಲಿ ಚಳಿಗೆ ಅತ್ಯಂತ ಸೂಕ್ಷ್ಮವಾದ ಹೊತ್ತು ಇದು. ಜಪಾನಿನ ಹೊಕ್ಕೈಡೊದಲ್ಲಿ ತಳಿಗಳ ಪರೀಕ್ಷೆಗೆ 12 ಡಿಗ್ರಿಯಲ್ಲಿ 4 ದಿನ ಇಟ್ಟು ನೋಡುತ್ತಿದ್ದರು, ಅಷ್ಟರಲ್ಲೇ ಪರಾಗ ಕೆಡುತ್ತಿತ್ತು. ಇಲ್ಲೂ ನಮ್ಮ ಗಿಬ್ಬರೆಲಿನ್ನೇ. ಚಳಿಗೆ ಅದು ಪರಾಗಕೋಶದಲ್ಲೂ ಇಳಿಯುತ್ತದೆ. ಪರಾಗಕ್ಕೆ ಊಟ ಕೊಡುವ ಪದರ ಊದಿಕೊಂಡು ಕೆಲಸ ನಿಲ್ಲಿಸುತ್ತದೆ. ತೆನೆ ಬರುತ್ತದೆ, ಕಾಳು ಮಾತ್ರ ಜೊಳ್ಳು. ತೆನೆಯ ಕತ್ತು ಉದ್ದವಾಗುವುದೂ ಗಿಬ್ಬರೆಲಿನ್ನಿಂದಲೇ. ಅದು ಸಾಲದಿದ್ದರೆ ತೆನೆಯ ಬುಡ ಎಲೆಕವಚದೊಳಗೇ ಸಿಕ್ಕಿಕೊಳ್ಳುತ್ತದೆ. ಹೈಬ್ರಿಡ್ ಭತ್ತದ ಬೀಜೋತ್ಪಾದನೆಯಲ್ಲಿ ಹೆಣ್ಣು ಸಾಲಿನ ತೆನೆ ಪೂರ್ತಿ ಹೊರಬರಲಿ ಅಂತಲೇ ಗಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ. ಮಡಿಯಲ್ಲಿ ಬೇಡವಾದದ್ದು ಹೊಡೆಯಲ್ಲಿ ಬೇಕು. ಹಾಗಂತ ಹೊಡೆ ಹಂತದ ಸಾಮಾನ್ಯ ಭತ್ತಕ್ಕೆ ನೀವೇ ಅದನ್ನು ಸಿಂಪಡಿಸಲು ಹೋಗಬೇಡಿ. ಹೊತ್ತು ಒಂದೆರಡು ದಿನ ತಪ್ಪಿದರೂ ಕಡ್ಡಿ ಉದ್ದವಾಗಿ ಬೆಳೆ ಮಲಗುತ್ತದೆ.

ಮಾಡಬೇಕಾದ್ದು ಹೊಕ್ಕೈಡೊದ ರೈತರು ಮಾಡುವುದನ್ನೇ. ಒಂದು ಕಡ್ಡಿ ಸೀಳಿ ಎಳೆ ತೆನೆ ಎಲ್ಲಿದೆ ನೋಡಿ. ಆ ಹಂತದಲ್ಲಿ ಅದು ಇನ್ನೂ ಕೆಳಗೇ, ನೆಲದಿಂದ ಗೇಣುದ್ದದೊಳಗೆ ಇರುತ್ತದೆ. ಬದು ಎತ್ತರಿಸಿ 15ರಿಂದ 20 ಸೆಂಟಿಮೀಟರ್ ನೀರು ನಿಲ್ಲಿಸಿ, ತೆನೆಗೆ ರಾತ್ರಿ ನೀರಿನ ಹೊದಿಕೆ ಸಿಗುತ್ತದೆ. ಎತ್ತರದ ಕಡ್ಡಿ ಮುಳುಗುವುದಿಲ್ಲವಾದ್ದರಿಂದ ಮಡಿಯಲ್ಲಿ ಹೇಳಿದ ತೊಂದರೆ ಇಲ್ಲಿಲ್ಲ. ಈ ಹಂತಕ್ಕೆ ಯೂರಿಯಾ ಮೇಲುಗೊಬ್ಬರ ನಿಲ್ಲಿಸಿ. ಸಾರಜನಕ ಜಾಸ್ತಿಯಾದ ಗದ್ದೆಯಲ್ಲಿ ಚಳಿಗೆ ಜೊಳ್ಳು ಇನ್ನೂ ಜಾಸ್ತಿ. ತೆನೆ ನೀರಿನ ಮಟ್ಟ ದಾಟಿ ಮೇಲೇರಿದ ಮೇಲೆ ಗಂಡಿ ಕಡಿದು, ನೀರನ್ನು ಮಾಮೂಲಿ ಮಟ್ಟಕ್ಕೆ ಇಳಿಸಿ.